ಅತ್ತೆ ಕೇಳಿದ ಒಳಮನೆಯ ಹಾಡು

ನಮ್ಮೂರಿನಲ್ಲಿ ಯಾರಾದರೂ “ಈ ಸಿನಿಮಾ ನನಗೆ ತುಂಬ ಇಷ್ಟವಾಯಿತು, ನೀವೂ ನೋಡಿ” ಎಂದರೆ, ಎದುರಿಗಿದ್ದವರು ಮೊದಲು ಕೇಳುವುದು, “ನೋಡುವಾಗ ನೀವು ಹುಷಾರಾಗಿದ್ರಿ ತಾನೆ?” ಎಂದು. ಬೇರೆ ಊರಿನವರು ಇದನ್ನು ಕೇಳಿ ನಗಬಹುದು. ಅವರಿಗೆ ಪಂಕಜಕ್ಕನ ಹಲ್ಲುನೋವು ಗೊತ್ತಿಲ್ಲ.

ಪಂಕಜಕ್ಕ ನಮ್ಮ ಬೀದಿಯ ಕೊನೆಯ ಮನೆಯವರು. ಹಳದಿ ಕೊಡೆಯ ಸಿನಿಮಾ ಎಂದು ನಾವೆಲ್ಲ ಕರೆಯುವ ಚಿತ್ರ ಬಂದಾಗ ಮೊದಲ ದಿನವೇ ನೋಡಿ ಬಂದು, ಬೀದಿ ನಲ್ಲಿಯ ಹತ್ತಿರ ನಿಂತು, “ತಪ್ಪಿಸ್ಕೋಬೇಡ್ರೇ, ನಾನಂತೂ ಮನಸೋತೆ” ಎಂದು ಎಲ್ಲರಿಗೂ ಹೇಳಿಬಿಟ್ಟರು. ಆವತ್ತು ದವಡೆ ಹಲ್ಲು ಸಿಡಿಯುತ್ತಿದ್ದುದನ್ನೂ, ಲವಂಗ ಕಚ್ಚಿಕೊಂಡು ಕೂತು ನೋಡಿದ್ದನ್ನೂ ಮಾತ್ರ ಹೇಳಲಿಲ್ಲ. ಮರುದಿನ ಮ್ಯಾಟಿನಿಯಲ್ಲಿ ಬೀದಿಯ ಹೆಂಗಸರೆಲ್ಲ ಒಂದೇ ಸಾಲಿನಲ್ಲಿ ಕೂತರು. ತೆರೆಯ ಮೇಲೆ ಹುಡುಗಿ ಹಳದಿ ಕೊಡೆ ಬಿಚ್ಚಿದಳು. ಇಡೀ ಸಾಲು ಎಡಗೆನ್ನೆ ಹಿಡಿದುಕೊಂಡಿತು. ಎಲ್ಲರ ಬಾಯಲ್ಲೂ ಲವಂಗ. ಆದರೂ ಒಬ್ಬರೂ ಎದ್ದು ಬರಲಿಲ್ಲ. ನೋವಿನ ಜೊತೆಗೇ ಪಂಕಜಕ್ಕ ಮನಸೋತದ್ದೂ ಬಂದಿತ್ತಲ್ಲ, ಅದನ್ನು ಬಿಟ್ಟು ಹೇಗೆ ಏಳುವುದು?

ಇದನ್ನು ನಾವು ಒಗ್ಗರಣೆ ಎನ್ನುತ್ತೇವೆ. ನನಗೆ ಇಷ್ಟವಾದ ಹಾಡನ್ನೋ ಪುಸ್ತಕವನ್ನೋ ಬಾಯಿಬಿಟ್ಟು ನಿಮಗೆ ಹೇಳಿದೆನೆಂದರೆ, ಅದಾದ ಮೇಲೆ ನೀವು ಅದನ್ನು ಮೊದಲ ಸಲ ಕೇಳುವಾಗ, ಓದುವಾಗ, ಅದು ನನ್ನದಾದ ಹೊತ್ತಿನಲ್ಲಿ ನನ್ನ ಮೈಯಲ್ಲೂ ಮನಸ್ಸಿನಲ್ಲೂ ಏನೇನಿತ್ತೋ ಎಲ್ಲವೂ ನಿಮಗೆ ಬರುತ್ತದೆ. ಒಂದೇ ಸಲ. ಆಮೇಲೆ ಹಾಡು ಬರೀ ಹಾಡು. ನಿಜವಾಗಿ ಇಷ್ಟವಿಲ್ಲದ್ದನ್ನು ಬಾಯಿಮಾತಿಗೆ ಹೇಳಿದರೆ ಏನೂ ಬರುವುದಿಲ್ಲ, ಸಪ್ಪೆ. ಹಾಗಾಗಿ ನಮ್ಮೂರಿನಲ್ಲಿ ರುಚಿಯ ಬಗ್ಗೆ ಸುಳ್ಳು ಹೇಳುವವರು ಬಹಳ ಬೇಗ ಸಿಕ್ಕಿಬೀಳುತ್ತಾರೆ.

ಎಲ್ಲರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಪುಸ್ತಕ ಕೈಗಿಡುವಾಗಲೇ, “ನಡುವೆ ಸ್ವಲ್ಪ ತೂಕಡಿಕೆ ಬರುತ್ತೆ, ಗಾಬರಿಯಾಗಬೇಡಿ, ಅದು ನಂದು” ಎಂದು ಎಚ್ಚರಿಸುತ್ತಾರೆ. ಶಾಲೆಯಲ್ಲಿ ಪದ್ಯ ಹೇಳಿಕೊಡುವ ಟೀಚರುಗಳು ಊಟ ಮಾಡಿಯೇ ತಮಗಿಷ್ಟದ ಪದ್ಯ ಹುಡುಕಿಕೊಳ್ಳಬೇಕೆಂದು ತಾಯಂದಿರು ಒಮ್ಮೆ ಗಲಾಟೆ ಮಾಡಿದ್ದರು. ಮಕ್ಕಳು ಹಸಿವು, ಹಸಿವು ಎಂದು ಅಳುತ್ತ ಮನೆಗೆ ಬರುತ್ತಿದ್ದವಂತೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗ ಹುಡುಗಿ ತಮಗಿಷ್ಟದ ಒಂದೊಂದು ಹಾಡಿನ ಹೆಸರು ಹೇಳಿಕೊಳ್ಳುತ್ತಾರೆ. ಉಪ್ಪಿಟ್ಟು ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ, “ಒಗ್ಗರಣೆ ಹೇಗಿತ್ತು?” ಎಂದೇ ಕೇಳುವುದು. ನಾನು ಕೆಲಸ ಮಾಡುವುದು ಊರಿನ ಟಾಕೀಸಿನಲ್ಲಿ, ಹೆಂಗಸರ ಟಿಕೆಟ್ ಕಿಂಡಿಯ ಒಳಗೆ. ಕಿಂಡಿಯ ಮೇಲೆ ದಪ್ಪಕ್ಷರದ ಬೋರ್ಡು ಇದೆ: ‘ಚಿತ್ರ ಹೇಗಿದೆ ಎಂದು ಸಿಬ್ಬಂದಿಯನ್ನು ಕೇಳಬಾರದು.’ ಆದರೂ ಹೆಂಗಸರು ಕೈಯ ಜೊತೆ ಅರ್ಧ ಮುಖವನ್ನೂ ತೂರಿಸಿ, “ಶಾಂಭವಿ, ಹೇಳಬೇಡ ಕಣೇ, ಸುಮ್ನೆ ತಲೆ ಆಡಿಸು” ಎನ್ನುತ್ತಾರೆ. ನಾನು ಗೋಡೆಯ ಗಡಿಯಾರ ನೋಡುತ್ತೇನೆ.

ಹೀಗಿರುವುದರಿಂದ ನಾವೆಲ್ಲ ಎರಡು ಬಗೆಯ ಹಾಡು ಇಟ್ಟುಕೊಂಡಿರುತ್ತೇವೆ. ಬಂದವರಿಗೆ ಹೋದವರಿಗೆ ಕೊಡುವುದು ಪಡಸಾಲೆಯ ಹಾಡು. ನನ್ನ ಪಡಸಾಲೆಯ ಹಾಡು ಬೆಳಗಿನ ರೇಡಿಯೋದಲ್ಲಿ ಬರುತ್ತಿದ್ದ ಒಂದು ಗೀತೆ. ಅದು ನನ್ನದಾದಾಗ ನಾನು ಕಡಲೆಕಾಯಿ ಹುರಿಯುತ್ತಿದ್ದೆ, ಮಗಳು ಸ್ಕೂಲಿಗೆ ಹೋಗಿದ್ದಳು, ಮನಸ್ಸಿನಲ್ಲಿ ಸಾರಿಗೆ ಬೇಳೆ ಬೆಂದಿದೆ ಎನ್ನುವಷ್ಟು ನೆಮ್ಮದಿಯಿತ್ತು. ಯಾರು ತೆಗೆದುಕೊಂಡರೂ ತೊಂದರೆಯಿಲ್ಲ. ಇನ್ನೊಂದು ಒಳಮನೆಯ ಹಾಡು. ಅದನ್ನು ಕೊಡು ಎಂದು ಬಾಯಿಬಿಟ್ಟು ಕೇಳುವುದು, ಸ್ನಾನದ ಮನೆಯ ಬಾಗಿಲು ತಟ್ಟಿ ಒಳಗೆ ಬರಲಾ ಎಂದ ಹಾಗೆ. ಮರ್ಯಾದಸ್ಥರು ಕೇಳುವುದಿಲ್ಲ.

ನನ್ನ ಅತ್ತೆ ತುಂಗಮ್ಮ ಕೇಳಿದರು.

ಅವರಿಗೆ ಬಲಗಿವಿ ಹೋಗಿ ಬಹಳ ಕಾಲವಾಗಿತ್ತು. ಈ ಸಲ ಡಾಕ್ಟರು ಎಡಗಿವಿಗೆ ದೀಪ ಹಾಕಿ ನೋಡಿ, ನನ್ನ ಗಂಡ ಗಿರಿಧರನನ್ನು ಹೊರಗೆ ಕರೆದು ಮೆತ್ತಗೆ, ಇದೂ ಹೆಚ್ಚು ದಿನ ಇರುವುದಿಲ್ಲ, ಮೆಷಿನ್ ಹಾಕಿದರೂ ಸದ್ದು ಗೊತ್ತಾದೀತು, ಹಾಡು ಗೊತ್ತಾಗಲಾರದು ಎಂದರು. ಅತ್ತೆ ಒಳಗಿನಿಂದಲೇ, “ನನ್ನ ಕಿವಿ ವಿಷಯ ನನ್ನ ಕಿವಿಗೇ ಹೇಳೀಪ್ಪಾ, ಇನ್ನೂ ಕೇಳಿಸುತ್ತೆ” ಎಂದರು. ಮನೆಗೆ ಬಂದು ಚಪ್ಪಲಿ ಬಿಡುತ್ತ ಘೋಷಿಸಿಬಿಟ್ಟರು: “ಕಿವಿ ಮುಚ್ಚೋದರೊಳಗೆ ಎಲ್ಲರೂ ಒಂದೊಂದು ಹಾಡು ಕೊಡಬೇಕು. ಪಡಸಾಲೇದು ಬೇಡ. ಅದು ತಿಂದೂ ತಿಂದೂ ಸಾಕಾಗಿದೆ.”

ಆ ವಾರವೆಲ್ಲ ಅತ್ತೆ ಊರಿನ ಮೇಲೆ ದಂಡೆತ್ತಿ ಹೋದ ಹಾಗೆ ಇತ್ತು. ಕೋಲು ಊರಿಕೊಂಡು ಮನೆಮನೆಗೂ ಹೋಗಿ ಕೂತು ಕಾಫಿ ಕುಡಿದು ಕೇಳಿದರು. ಜನ ಕೆಂಪಗಾದರು, ನಕ್ಕರು, ಕೆಲವರು ಕೊಟ್ಟರು. ಪಂಕಜಕ್ಕ ಬಾಗಿಲು ಹಾಕಿಕೊಂಡು ಒಂದು ಕೊಟ್ಟರಂತೆ; ಅತ್ತೆ ಕ್ಯಾಸೆಟ್ ಕೇಳಿ ಮುಗಿಸಿ, “ಆ ಹೆಂಗಸಿನ ಒಳಗೆ ಇಷ್ಟೆಲ್ಲ ಇದೆ ಅಂದ್ರೆ! ಹಲ್ಲು ಬಿಟ್ಟು ಇನ್ನೇನೂ ಇಲ್ಲ ಅಂದ್ಕೊಂಡಿದ್ದೆ” ಎಂದರು. ಏನಿತ್ತೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅದೂ ನಮ್ಮೂರಿನ ರೀತಿ. ಗಿರಿಧರ ಕೊಟ್ಟ ಹಾಡಿನಲ್ಲಿ ಪರೀಕ್ಷೆಯಲ್ಲಿ ಫೇಲಾಗಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಅವನ ಸಂಜೆ ಇತ್ತು. ಅತ್ತೆ ಅವನನ್ನು ಹತ್ತಿರ ಕರೆದು, ನರೆತ ತಲೆಯ ಮೇಲೆ ಒಂದು ಮೊಟಕಿ, “ಮನೆಗೆ ಬರೋದಕ್ಕೇನಾಗಿತ್ತೋ ದಡ್ಡ, ನಾನು ಹೊಡೀತಿದ್ನಾ?” ಎಂದರು. “ಹೊಡೀತಿದ್ದೆ ಅಮ್ಮ” ಎಂದ ಗಿರಿಧರ.

ಆಮೇಲೆ ನನ್ನ ಸರದಿ. ನಾನು ಕಡಲೆಕಾಯಿಯ ಹಾಡು ಕೊಟ್ಟೆ. ಅತ್ತೆ ಟೇಪ್ ರೆಕಾರ್ಡರಿಗೆ ಎಡಗಿವಿ ಅಂಟಿಸಿ ಕೂತರು. ಪಲ್ಲವಿ ಮುಗಿಯುವ ಮೊದಲೇ ಬಟನ್ ಒತ್ತಿ ನಿಲ್ಲಿಸಿದರು.

“ಇದು ಹಾಲಿನವಳಿಗೂ ಕೊಟ್ಟಿದೀಯಲ್ಲೇ.”

“ನಿಮಗೆ ಹೇಗೆ ಗೊತ್ತು?”

“ಅವಳೇ ಹೇಳಿದ್ಲು. ನಿಮ್ಮ ಸೊಸೆ ಹಾಡು ಕೇಳಿದರೆ ಕಡಲೆಕಾಯಿ ತಿನ್ನಬೇಕು ಅನ್ಸುತ್ತೆ ಅಮ್ಮ ಅಂತ. ನನಗೂ ಹಾಲಿನವಳಿಗೂ ಒಂದೇ ಹಾಡೇನೆ?”

ಮಗಳು ಕೂಸಾಗಿದ್ದಾಗ ಹಾಡುತ್ತಿದ್ದ ಜೋಗುಳವೊಂದನ್ನು ಕೊಟ್ಟೆ. ಅದು ನಿಜವಾಗಿಯೂ ನನ್ನದೇ. ಅತ್ತೆ ಪೂರ್ತಿ ಕೇಳಿ, ಮಡಿಲಲ್ಲಿ ಮಗು ಮಲಗಿದೆಯೇನೋ ಎನ್ನುವ ಹಾಗೆ ಸ್ವಲ್ಪ ಹೊತ್ತು ಅಲುಗಾಡದೆ ಕೂತಿದ್ದರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು.

“ಚೆನ್ನಾಗಿದೆ. ಆದ್ರೆ ಇದಲ್ಲ.”

“ಮತ್ಯಾವುದು ಅತ್ತೆ?”

“ಪಾತ್ರೆ ತೊಳೆಯುವಾಗ ಒಂದು ಗುನುಗ್ತೀಯಲ್ಲ, ಅದು. ನಾನು ಹಿತ್ತಲ ಬಾಗಿಲಿಗೆ ಬಂದ ಕೂಡಲೆ ನಿಲ್ಲಿಸ್ತೀಯಲ್ಲ, ಅದು.”

ನಾನು ಎದ್ದು ಒಳಗೆ ಹೋದೆ. ಇಷ್ಟು ವರ್ಷ ನಲ್ಲಿಯ ಸದ್ದಿನ ಮರೆಯಲ್ಲಿ ಅಡಗಿಸಿಟ್ಟಿದ್ದೇನೆ ಎಂದುಕೊಂಡಿದ್ದೆ. ಇರುವ ಒಂದೇ ಕಿವಿಯಲ್ಲಿ ಅವರು ಕೇಳಿಸಿಕೊಂಡೇ ಇದ್ದರು.

ಆ ಹಾಡಿನಲ್ಲಿ ಏನಿದೆ ಎಂದು ಹೇಳಬೇಕಾದರೆ ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತನ್ನು ಹೇಳಬೇಕು. ಅತ್ತೆ ಬಯ್ಯುವವರಲ್ಲ. ಬಯ್ದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ನಾನು ಮಾಡಿದ್ದನ್ನೆಲ್ಲ ಮತ್ತೊಮ್ಮೆ ಮಾಡುತ್ತಿದ್ದರು. ನಾನು ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯುತ್ತಿದ್ದರು. ನಾನು ಹಾಕಿದ ರಂಗೋಲಿಯನ್ನು ನೀರು ಚಿಮುಕಿಸಿ ಅಳಿಸಿ ಅದನ್ನೇ ಮತ್ತೆ ಹಾಕುತ್ತಿದ್ದರು. ನಾನು ಮಡಿಸಿಟ್ಟ ಸೀರೆಯನ್ನು ಬಿಚ್ಚಿ, ಕೊಡವಿ, ತಮ್ಮ ರೀತಿಯಲ್ಲಿ ಮಡಿಸಿ ಅದೇ ಜಾಗದಲ್ಲಿ ಇಡುತ್ತಿದ್ದರು. ಒಂದು ಮಾತಿಲ್ಲ. ಅವರಿಗೆ ಆಗಲೇ ಬಾಯಿಹುಣ್ಣಿನ ತೊಂದರೆ. ಹಣ್ಣು ಹೆಚ್ಚಿದರೆ ಮೆತ್ತಗಿನ ಭಾಗವನ್ನು ಖಾರ ಸೋಕಿಸದೆ ಅವರಿಗೆಂದು ಬೇರೆ ತೆಗೆದಿಡಬೇಕಿತ್ತು. ಇಟ್ಟರೆ ಅದನ್ನೂ ಇನ್ನೊಮ್ಮೆ ಸಣ್ಣಗೆ ಹೆಚ್ಚಿಕೊಳ್ಳುತ್ತಿದ್ದರು. ದಿನ ಕಳೆದ ಹಾಗೆ, ನಾನು ಈ ಮನೆಯಲ್ಲಿ ಇದ್ದರೂ ಇಲ್ಲದಿದ್ದರೂ ಒಂದೇ ಎನ್ನಿಸತೊಡಗಿತು. ನಾನು ಮಾಡಿದ ಯಾವುದೂ ಸಂಜೆಯವರೆಗೆ ಉಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟೆ. ಬರುವುದಿಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಯಾಗಿತ್ತು. ಗಿರಿಧರನಿಗೂ ಹೇಳಿರಲಿಲ್ಲ. ಕೂಡುರಸ್ತೆಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಚಹಾದಂಗಡಿಯ ಪಕ್ಕ ಒಂದು ಎತ್ತರದ ಕಟ್ಟೆ, ಹತ್ತಿ ಕೂತೆ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಆಡಿಸುತ್ತ ಕೂತೆ. ಅಂಗಡಿಯ ರೇಡಿಯೋದಲ್ಲಿ ಆ ಹಾಡು ಬಂತು. ಹೊಳೆಯ ನಡುವೆ ಒಬ್ಬಳೇ ದೋಣಿ ನಡೆಸುತ್ತ ಹೋಗುವವಳ ಹಾಡು. ಯಾರ ಹತ್ತಿರ ಹೋಗುತ್ತಿದ್ದಾಳೆ ಎಂದು ಅದರಲ್ಲಿ ಎಲ್ಲೂ ಬರುವುದಿಲ್ಲ. ಹುಟ್ಟು ಹಾಕುತ್ತಾಳೆ, ನೀರು ಸರಿಯುತ್ತದೆ, ಅಷ್ಟೆ. ನಾನು ಪಕ್ಕದ ಹಣ್ಣಿನವನ ಹತ್ತಿರ ಸೀಬೆಹಣ್ಣು ಹೆಚ್ಚಿಸಿ, ಖಾರ ಹಾಕಿಸಿಕೊಂಡು ತಿನ್ನುತ್ತ ಅದನ್ನು ಕೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಹಗುರಾಗಿ ನಾನು ಯಾವತ್ತೂ ಇರಲಿಲ್ಲ, ಮದುವೆಗೆ ಮುಂಚೆಯೂ ಇರಲಿಲ್ಲ, ಆಮೇಲೂ ಆಗಲಿಲ್ಲ. ಆ ಹಗುರದ ಒಳಗೆ ಒಂದು ಮಾತು ಸ್ಪಷ್ಟವಾಗಿ ಇತ್ತು: ಅತ್ತೆ ಎನ್ನುವ ಆ ಹೆಂಗಸು ಸತ್ತರೂ ಅವಳ ಮುಖ ನೋಡಲು ಬರುವುದಿಲ್ಲ. ಅದು ಕೋಪವಲ್ಲ. ಸಂತೋಷ. ಅದನ್ನು ಅಂದುಕೊಂಡು ನಾನು ನಕ್ಕಿದ್ದೆ.

ಯಾಕೆ ವಾಪಸು ಬಂದೆ ಎಂದರೆ ಹೇಳಿಕೊಳ್ಳುವಂಥ ಕಾರಣವಿಲ್ಲ. ತವರಿನಲ್ಲಿ ನನ್ನ ಅತ್ತಿಗೆ ಅಟ್ಟದಿಂದ ಹಾಸಿಗೆ ಇಳಿಸಿಕೊಟ್ಟ ರೀತಿ ನೋಡಿದೆ. ಕೆಲವು ವಾರ ಕಳೆದ ಮೇಲೆ ಗಿರಿಧರ ಬಂದು ಜಗಲಿಯ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೂ ಏನೂ ಮಾತಾಡದೆ ಕೂತ. ಹೊರಟು ಬಂದೆ. ಬಂದ ಸಂಜೆ ಒಣಗಿದ ಬಟ್ಟೆ ಮಡಿಸಿಟ್ಟೆ. ಮರುದಿನ ನೋಡಿದರೆ ಅದು ನಾನು ಮಡಿಸಿದ ಹಾಗೆಯೇ ಇತ್ತು. ಅದರ ಮರುದಿನವೂ. ಅತ್ತೆ ಯಾಕೆ ನಿಲ್ಲಿಸಿದರು ಎಂದು ನಾನು ಕೇಳಲಿಲ್ಲ, ನಾನು ಯಾಕೆ ಹೋಗಿದ್ದೆ ಎಂದು ಅವರು ಕೇಳಲಿಲ್ಲ. ಮುಂದೆ ಟಾಕೀಸಿನ ಕೆಲಸ ಸಿಕ್ಕಾಗ ಬೀದಿಯಲ್ಲೆಲ್ಲ, “ನನ್ನ ಸೊಸೆ ಟಿಕೆಟ್ ಕೊಟ್ಟರೇನೇ ಸಿನಿಮಾ ಶುರುವಾಗೋದು” ಎಂದು ಹೇಳಿಕೊಂಡು ಬಂದವರು ಅವರೇ. ಮಗಳ ಬಾಣಂತನದಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಸರದಿಯಲ್ಲಿ ನಿದ್ದೆ ಮಾಡಿದ್ದೇವೆ. ನನ್ನಮ್ಮ ಹೋದಾಗ ನನ್ನ ತಲೆ ಬಾಚಿದ್ದು ಅವರು. ಇಷ್ಟು ಕಟ್ಟಿಕೊಳ್ಳುವುದಕ್ಕೆ ನಮಗೆ ಅರ್ಧ ಆಯುಸ್ಸು ಬೇಕಾಯಿತು. ಈಗ ಒಂದು ಹಾಡಿನಿಂದ ಅದನ್ನೆಲ್ಲ ಅಳಿಸಲೇ?

ಅದೂ ಈಗ. ಕಿವಿ ಮುಚ್ಚುವ ಮುಂಚೆ ಕೊನೆಯದಾಗಿ ಯಾವ ಹಾಡನ್ನು ಒಗ್ಗರಣೆ ಸಮೇತ ಕೇಳುತ್ತಾರೋ, ಅದು ಉಳಿದ ಕಾಲವೆಲ್ಲ ಅವರ ಒಳಗೆ ಓಡುತ್ತಲೇ ಇರುತ್ತದೆ. ಊರಿನಲ್ಲಿ ಎಲ್ಲರಿಗೂ ಗೊತ್ತು. ಬಸ್ ಕಂಡಕ್ಟರಾಗಿದ್ದ ಮರಿಸ್ವಾಮಪ್ಪನವರಿಗೆ ಮೊಮ್ಮಗ ಕೊನೆಗೆ ಕೊಟ್ಟದ್ದು ಶಾಲೆ ತಪ್ಪಿಸಿ ಹೋದಾಗ ಕೇಳಿದ ಹಾಡು. ಕಿವುಡಾದ ಮೇಲೆ ಪಾಪ, ಆ ವಯಸ್ಸಿನಲ್ಲಿ ಕಾಂಪೌಂಡು ಹಾರಲು ನೋಡುತ್ತಿದ್ದರು. ಅತ್ತೆ ಉಳಿದ ದಿನಗಳನ್ನೆಲ್ಲ ಆ ನಿಶ್ಶಬ್ದದಲ್ಲಿ, ತಾವು ಸತ್ತರೂ ನೋಡಲು ಬರುವುದಿಲ್ಲ ಎಂದು ನಗುವ ಹುಡುಗಿಯ ಜೊತೆ ಕಳೆಯಬೇಕೇ?

“ಅದರಲ್ಲಿ ಏನೂ ಇಲ್ಲ ಅತ್ತೆ, ಸುಮ್ನೆ ಬಾಯಿಗೆ ಬರುತ್ತೆ, ಗುನುಗ್ತೀನಿ” ಎಂದೆ.

“ಹಾಗಾದ್ರೆ ಕೊಡೋದಕ್ಕೇನು?”

“ಬೇಡ ಅತ್ತೆ.”

“ಸರಿ ಬಿಡು” ಎಂದರು. ಆಮೇಲೆ ಆ ಮಾತೇ ಎತ್ತಲಿಲ್ಲ. ದಿನದಿನಕ್ಕೆ ಕಿವಿ ಮಂದವಾಗುತ್ತಿತ್ತು. ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದು ಕೇಳಿಸಲಿಲ್ಲ. ಒಂದು ಬೆಳಿಗ್ಗೆ ಬೀರು ತೆಗೆದವಳು ಹಾಗೇ ನಿಂತೆ. ಹಿಂದಿನ ಸಂಜೆ ನಾನು ಮಡಿಸಿಟ್ಟ ಸೀರೆಗಳೆಲ್ಲ ಬೇರೆ ರೀತಿಯಲ್ಲಿ ಮಡಿಸಿದ್ದವು. ಅಂಚು ಒಳಗೆ, ಸೆರಗು ಮೇಲೆ. ತುಂಗಮ್ಮನವರ ಮಡಿಕೆ.

ನನಗೆ ಉರಿದುಹೋಯಿತು. ಆ ಕ್ಷಣ ನಾನು ಮತ್ತೆ ಆ ಹೊಸ ಸೊಸೆಯೇ ಆಗಿಬಿಟ್ಟೆ. ಸೀರೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಹೋಗಿ ಅತ್ತೆಯ ಮಂಚದ ಮೇಲೆ ಸುರಿದೆ. “ಇದೇನು ಅತ್ತೆ ಇದು?” ಎಂದು ಎಡಗಿವಿಯ ಹತ್ತಿರ ಬಾಗಿ ಕೂಗಿದೆ.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. ಕಣ್ಣಲ್ಲಿ ತುಂಟತನ. “ಸಿಟ್ಟು ಬಂತಾ?”

“ಬರದೆ ಇರುತ್ತಾ?”

“ಅಬ್ಬ, ಬಂತಲ್ಲ. ಅದನ್ನೇ ಮುಚ್ಚಿಟ್ಕೊಂಡಿದೀಯ ಅಂತ ನನಗೆ ಗೊತ್ತು ಕಣೇ. ಆ ಹಾಡಿನಲ್ಲಿ ಇರೋದು ಅದೇ ತಾನೆ? ನಾನೇನು ಕೂಸೇ, ಹೆದರಿಕೊಳ್ಳೋದಕ್ಕೆ? ಇಷ್ಟು ವರ್ಷ ಆಯ್ತು, ಎಲ್ಲ ಮೆತ್ತಗಿನ ಭಾಗ ನೋಡಿ ನೋಡಿ ನನಗೆ ಕೊಡ್ತೀಯ. ಕಿವಿಯೂ ಹೋದ ಮೇಲೆ ನಿನ್ನ ಯಾವುದು ನನ್ನ ಹತ್ತಿರ ಇರುತ್ತೆ, ಕಡಲೆಕಾಯೇನೆ?”

ಸೀರೆಗಳನ್ನು ಅಲ್ಲೇ ಬಿಟ್ಟು ನಾನು ಸೀದಾ ಬಾಷಾ ಸಾಹೇಬರ ಅಂಗಡಿಗೆ ಹೋದೆ.

ಬಾಷಾ ಸಾಹೇಬರು ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವವರು. ವೃತ್ತಿಯ ಕಾರಣಕ್ಕೆ ಯಾವ ಹಾಡು ಹಾಕಿದರೂ ಮುಖದಲ್ಲಿ ಏನೂ ಕಾಣಿಸದ ಹಾಗೆ ಅಭ್ಯಾಸ ಮಾಡಿಕೊಂಡವರು. ನಾನು ದೋಣಿಯ ಹಾಡು ಕೇಳಿದಾಗ ಕಪಾಟಿನ ಕೊನೆಯ ಖಾನೆಯಿಂದ ರೆಕಾರ್ಡು ತೆಗೆದು, ತೋಳಿಗೆ ಒರೆಸಿ, “ಒಗ್ಗರಣೆ ಖಾರ ಇದೆಯೇನಮ್ಮ?” ಎಂದರು. ಅವರು ಹೀಗೆ ಕೇಳಿದ್ದು ನಾನು ಕಂಡಿರಲಿಲ್ಲ. ನನ್ನ ಮುಖ ಹಾಗಿತ್ತೋ ಏನೋ.

“ತುಂಬ ಇದೆ ಸಾಹೇಬ್ರೇ.”

“ಯಾರಿಗೆ?”

“ನಮ್ಮ ಅತ್ತೆಗೆ.”

ಅವರು ರೆಕಾರ್ಡು ಹಾಕಿ, ಟೇಪ್ ಒತ್ತಿ, ತಿರುಗುವ ಚಕ್ರವನ್ನೇ ನೋಡುತ್ತ ನಿಂತರು. ಹಾಡು ಮುಗಿದ ಮೇಲೆ ಹೇಳಿದರು: “ನನ್ನ ಮನೆಯವಳ ಹಾಡು ಯಾವುದು ಅಂತ ನನಗೆ ಗೊತ್ತಿತ್ತಮ್ಮ. ಅವಳು ಕೊಡಲಿಲ್ಲ. ನಾನೂ ಕೇಳಲಿಲ್ಲ, ಮರ್ಯಾದೆ ಅಂತ. ಇಲ್ಲೇ ಇದೆ, ಮೇಲಿನ ಖಾನೆಯಲ್ಲಿ. ಅವಳು ಹೋದ ಮೇಲೆ ದಿನಾ ಬಾಗಿಲು ತೆಗೆದ ಕೂಡಲೆ ಅದನ್ನ ಹಾಕ್ತೀನಿ.” ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. “ನನಗೆ ಬರೀ ಹಾಡು ಕೇಳಿಸುತ್ತೆ, ಅವಳು ಬರೋದಿಲ್ಲ.”

ನಾನು ಬರುವಷ್ಟರಲ್ಲಿ ಅತ್ತೆ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿಯ ಸೀರೆ ಉಟ್ಟು ಮಂಚದ ಅಂಚಿನಲ್ಲಿ ಕೂತಿದ್ದರು. ಮದುವೆ ಮನೆಗೆ ಹೊರಟವರ ಹಾಗೆ. ಗಿರಿಧರ ಬಾಗಿಲಿಗೆ ಬಂದು ನಮ್ಮಿಬ್ಬರ ಮುಖ ನೋಡಿ, ತರಕಾರಿ ತರುತ್ತೇನೆಂದು ಚೀಲ ಕೂಡ ತೆಗೆದುಕೊಳ್ಳದೆ ಹೊರಟುಹೋದ.

“ಅತ್ತೆ, ಇದರಲ್ಲಿ ನೀವಿದ್ದೀರಿ” ಎಂದೆ ಕಿವಿಯ ಹತ್ತಿರ.

“ಇರದೆ ಎಲ್ಲಿಗೆ ಹೋಗ್ಲಿ?”

“ಚೆನ್ನಾಗಿಲ್ಲ.”

“ಆಗ ನಾನು ಚೆನ್ನಾಗಿದ್ನೇನು? ಹಾಕೇ.”

ಹೇಳಬೇಕಾದ್ದನ್ನು ಹೇಳಿದೆ. “ಇದು ನನಗೆ ತುಂಬ ಇಷ್ಟವಾದ ಹಾಡು ಅತ್ತೆ. ನೀವು ಕೇಳಿ.” ಟೇಪ್ ರೆಕಾರ್ಡರನ್ನು ದಿಂಬಿನ ಮೇಲಿಟ್ಟು ಅವರ ಎಡಗಿವಿಗೆ ಸರಿಸಿ ಬಟನ್ ಒತ್ತಿದೆ. ಸದ್ದು ಪೂರ್ತಿ ಏರಿಸಿದ್ದರಿಂದ ಹುಟ್ಟು ನೀರಿಗೆ ಬಿದ್ದ ಸದ್ದು ಕೋಣೆಯಲ್ಲೆಲ್ಲ ಚೆಲ್ಲಿತು.

ನಾನು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಮೊದಲು ಹುಬ್ಬು ಮೇಲೇರಿತು, ಬಿಸಿಲಿಗೆ ಬಂದವರ ಹಾಗೆ ಕಣ್ಣು ಕಿರಿದಾಯಿತು. ಆಮೇಲೆ ಅವರ ಕಾಲು ಆಡತೊಡಗಿತು. ಮಂಡಿನೋವೆಂದು ಯಾವಾಗಲೂ ಎರಡು ಕೈಯಲ್ಲಿ ಎತ್ತಿಡುವ ಕಾಲುಗಳು, ಮಂಚದಿಂದ ಇಳಿಬಿದ್ದು ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಆಡುತ್ತಿದ್ದವು. ಎರಡನೆಯ ಚರಣದಲ್ಲಿ ನಾಲಿಗೆ ಚಪ್ಪರಿಸಿದರು, ಸೀಬೆಹಣ್ಣು. ಖಾರಕ್ಕೆ ಉಸ್ಸೆಂದರು. ಆಮೇಲೆ, ಎಲ್ಲಿ ಅದು ಬರುತ್ತದೆಂದು ನನಗೆ ಗೊತ್ತಿತ್ತೋ ಅಲ್ಲೇ, ಅತ್ತೆ ನಕ್ಕರು. ಬಾಯಿತುಂಬ, ಹುಡುಗಿಯ ಹಾಗೆ. ತಾವು ಸತ್ತರೆ ನೋಡಲು ಬಾರದವಳ ನಗು, ಅವರದೇ ಮುಖದ ಮೇಲೆ. ನನಗೆ ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿದೆ.

ಹಾಡು ಮುಗಿದು ಟೇಪು ಸುಮ್ಮನೆ ಸುರುಸುರು ಓಡುತ್ತಿತ್ತು. ಅತ್ತೆ ಅದನ್ನು ತಾವೇ ನಿಲ್ಲಿಸಿದರು.

“ನಾನಿಲ್ಲದೆ ಅಷ್ಟೊಂದು ಸುಖವಾಗಿತ್ತೇನೆ?”

ಸುಳ್ಳು ಹೇಳುವ ಹಾಗಿರಲಿಲ್ಲ. ಅವರು ಈಗಷ್ಟೇ ಅಲ್ಲಿಗೆ ಹೋಗಿ ಬಂದಿದ್ದರು. “ಹೂಂ ಅತ್ತೆ.”

ಅವರ ಕಣ್ಣು ತುಂಬಿತು, ತುಳುಕಲಿಲ್ಲ. ತಮ್ಮ ಪಾದಗಳನ್ನೇ ನೋಡುತ್ತ ಕೂತರು. ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಕೇಳಿದರು:

“ಆ ಹಣ್ಣಿನವನಿಗೆ, ಈ ಅರ್ಧಕ್ಕೆ ಖಾರ ಹಾಕಬೇಡಪ್ಪ ಅಂದ್ಯಲ್ಲ. ಯಾಕೆ?”

“ಯಾವ ಅರ್ಧ?”

“ಹಣ್ಣಾದ ಅರ್ಧ. ಗಟ್ಟಿ ಭಾಗ ನೀನು ತಿಂದೆ. ಮೆತ್ತಗಿದ್ದದ್ದನ್ನ ಖಾರ ಹಾಕಿಸದೆ ಸೆರಗಿನ ತುದಿಗೆ ಗಂಟು ಹಾಕ್ಕೊಂಡೆ. ನಗ್ತಾನೇ ಹಾಕ್ಕೊಂಡೆ.”

ನನಗೆ ನೆನಪಿರಲಿಲ್ಲ. ಹಾಡು ನೆನಪಿತ್ತು, ಕಟ್ಟೆ ನೆನಪಿತ್ತು, ನಕ್ಕದ್ದು ನೆನಪಿತ್ತು. ಇದು ಎಲ್ಲೋ ಬಿದ್ದುಹೋಗಿತ್ತು. ಅವರು ಹೇಳಿದ ಮೇಲೆ ಮೆಲ್ಲಗೆ ಬಂತು: ತವರಿನ ಅಂಗಳದಲ್ಲಿ ಗಂಟು ಬಿಚ್ಚಿದಾಗ ಹಣ್ಣು ಹಿಸುಕಿಹೋಗಿತ್ತು, ಅಮ್ಮ ಅದನ್ನು ಹಸುವಿಗೆ ಹಾಕಿ, ಒಳ್ಳೇ ಸೀರೆ ಹಾಳು ಮಾಡಿದೆ ಎಂದು ಬಯ್ದಿದ್ದಳು. ಯಾರಿಗೆಂದು ಕಟ್ಟಿಕೊಂಡಿದ್ದೆ? ಆ ಪ್ರಶ್ನೆಯನ್ನು ಆವತ್ತು ನಾನೂ ಕೇಳಿಕೊಂಡಿರಲಿಲ್ಲ.

“ಬಸ್ಸಿನಲ್ಲಿ ತಿನ್ನೋದಕ್ಕಿರಬೇಕು” ಎಂದೆ.

“ಅಲ್ಲ.” ಅವರಿಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ನನಗದು ಹಳೆಯದು, ಅವರಿಗೆ ಈಗಿನದು.

“ಅದು ಪ್ರೀತಿಯಲ್ಲ ಅತ್ತೆ” ಎಂದೆ. ಇದ್ದದ್ದನ್ನೇ ಹೇಳಬೇಕೆನ್ನಿಸಿತು. “ಕೈಗೆ ಅಭ್ಯಾಸವಾಗಿತ್ತು. ಅಷ್ಟೇ.”

“ಗೊತ್ತು ಕಣೇ. ಮನಸ್ಸು ನನ್ನನ್ನ ಸಾಯಿಸ್ತಾ ಇದೆ, ಕೈ ನನಗೆ ಹಣ್ಣು ಎತ್ತಿಡ್ತಾ ಇದೆ.” ಅತ್ತೆ ನನ್ನ ಕೈಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು, ತರಕಾರಿ ನೋಡುವ ಹಾಗೆ. “ನೀನು ವಾಪಸು ಬಂದ ದಿನ ಆ ಸೀರೆ ನಾನೇ ಒಗೆದೆ. ಸೆರಗಿನ ತುದೀಲಿ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗ್ಲಿಲ್ಲ. ಏನದು ಅಂತ ಇಷ್ಟು ದಿನ ಗೊತ್ತೇ ಆಗಿರಲಿಲ್ಲ ನೋಡು.”

ಮಂಚದ ಮೇಲೆ ಬಿದ್ದಿದ್ದ ಸೀರೆಗಳನ್ನು ನಾನು ಒಂದೊಂದಾಗಿ ಮಡಿಸತೊಡಗಿದೆ. ಅವರೂ ಇನ್ನೊಂದು ತುದಿ ಹಿಡಿದರು. ಯಾರ ರೀತಿಯ ಮಡಿಕೆಯೋ, ಎರಡೂ ಅಲ್ಲದ್ದು ಯಾವುದೋ ಆಯಿತು.

“ನಿಮ್ಮದೂ ಒಂದಿದೆಯಲ್ಲ ಅತ್ತೆ, ಒಳಮನೇದು. ನನಗೆ ಕೊಡಿ ಈಗ.”

“ಕೊಡಲ್ಲ.”

“ಯಾಕೆ?”

“ಅದರಲ್ಲಿ ನೀನಿದೀಯ” ಎಂದರು ಅತ್ತೆ. “ಚೆನ್ನಾಗಿಲ್ಲ.”

ಇಬ್ಬರೂ ನಕ್ಕೆವು. ಎಷ್ಟು ನಕ್ಕೆವೆಂದರೆ ಹೊರಗೆ ಜಗಲಿಯ ಮೇಲೆ ಕೂತಿದ್ದ ಗಿರಿಧರ, ಅವನು ತರಕಾರಿಗೆ ಹೋಗಿಯೇ ಇರಲಿಲ್ಲ, ಗಾಬರಿಯಿಂದ ಓಡಿಬಂದ.

ಆಮೇಲೆ ಅತ್ತೆ ಬೇರೆ ಯಾವ ಹಾಡನ್ನೂ ಕೇಳಲಿಲ್ಲ. ಪಂಕಜಕ್ಕ ಇನ್ನೊಂದು ಕೊಡುತ್ತೇನೆಂದು ತಾವಾಗಿಯೇ ಬಂದರೆ, “ಸಾಕು ಕಣೇ, ಹೊಟ್ಟೆ ತುಂಬಿದೆ” ಎಂದು ಕಳಿಸಿಬಿಟ್ಟರು. ಚಳಿಗಾಲ ಬರುವ ಹೊತ್ತಿಗೆ ಎಡಗಿವಿಯೂ ಪೂರ್ತಿ ಮುಚ್ಚಿಕೊಂಡಿತು.

ಈಗ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಅವರು ಬಂದು ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಕೂರುತ್ತಾರೆ. ನಾನು ಗುನುಗುವುದನ್ನು ನಿಲ್ಲಿಸುವುದಿಲ್ಲ. ನಲ್ಲಿ ನಿಲ್ಲಿಸಿ ಬಾಯಿಬಿಟ್ಟೇ ಹಾಡುತ್ತೇನೆ. ಅವರಿಗೆ ಕೇಳಿಸುವುದಿಲ್ಲ, ಆದರೆ ನನ್ನ ತುಟಿ ನೋಡುತ್ತಾರೆ. ಅವರ ಒಳಗೆ ಆ ಹೊತ್ತಿನಲ್ಲಿ ನನ್ನ ಯಾವ ಮುಖ ಓಡುತ್ತಿದೆಯೋ, ನಗುವವಳದೋ, ಗಂಟು ಹಾಕುವವಳದೋ, ನಾನು ಕೇಳುವುದಿಲ್ಲ. ಕಿವುಡಾದ ಮೇಲೆ ಅವರ ಮಾತು ದೊಡ್ಡದಾಗಿದೆ. “ತಳದಲ್ಲಿ ಮಸಿ ಹಾಗೇ ಇದೆ ನೋಡೇ!” ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಾರೆ. ಇರಲಿ ಬಿಡಿ ಎಂದು ನಾನು ಕೈಯಲ್ಲೇ ತೋರಿಸುತ್ತೇನೆ. ಅವರು ಎದ್ದು ಬಂದು ಪಾತ್ರೆ ಕಿತ್ತುಕೊಳ್ಳುವುದಿಲ್ಲ. ಕಟ್ಟೆ ಎತ್ತರದ್ದು, ನೆಲಕ್ಕೆ ಎಟುಕದ ಅವರ ಕಾಲುಗಳು ಹಿಂದಕ್ಕೂ ಮುಂದಕ್ಕೂ ಆಡುತ್ತಿರುತ್ತವೆ.